ದಿನಸಿ ಅಂಗಡಿಯಿಂದ ಮೇಯರ್ ಕುರ್ಚಿಗೆ: ಗುಟ್ಟಾಗಿ ಓಟು ಹಾಕುವ ಪದ್ಧತಿ ತಂದ ವಿಲಿಯಂ ನಿಕಲ್ಸನ್

ಉದ್ರಿ ಲೆಕ್ಕ:

ಓಟು ಯಾರಿಗೆ ಹಾಕಿದೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಇದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಇದಕ್ಕೂ ಯಾರೋ ಜಗಳ ಆಡಿರಬೇಕು ಅನ್ನುವುದೇ ತಲೆಗೆ ಬರುವುದಿಲ್ಲ. ಹಾಗೆ ಜಗಳ ಆಡಿದವರಲ್ಲಿ ಒಬ್ಬ ಮೆಲ್ಬೋರ್ನ್‌ನ ದಿನಸಿ ಅಂಗಡಿಯವನು. ಹೆಸರು ವಿಲಿಯಂ ನಿಕಲ್ಸನ್.

ಹುಟ್ಟಿದ್ದು 1816ರಲ್ಲಿ, ಇಂಗ್ಲೆಂಡಿನ ಉತ್ತರದ ಕಂಬರ್ಲೆಂಡ್ ಸೀಮೆಯಲ್ಲಿ, ವೈಟ್‌ಹೇವನ್ ಬಂದರಿನ ಹತ್ತಿರ. 1840ರ ದಶಕದ ಶುರುವಿನಲ್ಲಿ ಮೆಲ್ಬೋರ್ನ್‌ಗೆ ಬಂದು ಅಂಗಡಿ ಇಟ್ಟ. ಆಗ ಆ ಊರಿಗೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಮೂಲನಿವಾಸಿ ವುರುಂಡ್ಜೆರಿ ಜನರ ನೆಲದಲ್ಲಿ 1835ರಲ್ಲಿ ಬಿಳಿಯರು ಬಂದು ಗುಡಿಸಲು ಹಾಕಿದರು, 1842ರಲ್ಲಿ ಟೌನ್ ಕೌನ್ಸಿಲ್ ಆಯಿತು, 1847ರಲ್ಲಿ ರಾಣಿ 'ಇದು ನಗರ' ಅಂತ ಸಹಿ ಹಾಕಿದಳು. ಅಂಥ ಊರಲ್ಲಿ ಚಹಾಪುಡಿ, ಸಕ್ಕರೆ, ಮೋಂಬತ್ತಿ ಮಾರುವವನಿಗೆ ಗಿರಾಕಿ ಜಾಸ್ತಿ, ಕೈಗೆ ಬರುವ ನಗದು ಕಡಿಮೆ. ಆದರೂ ಅಂಗಡಿ ಕೈ ಹಿಡಿಯಿತು. ಚಿಲ್ಲರೆಯಿಂದ ಸಗಟಿಗೆ ಹೋದ, ಕಂಪನಿ ಮಾಡಿದ. 1848ರಲ್ಲಿ ಕೌನ್ಸಿಲರ್ ಆದ. 1850ರ ನವೆಂಬರ್‌ನಲ್ಲಿ ಮೇಯರ್.

ಆ ವಾರವೇ ಎಂಥ ವಾರ ನೋಡಿ! ನವೆಂಬರ್ 11ಕ್ಕೆ ಅಡಿಲೇಡ್ ಕಡೆಯಿಂದ ಬಂದ ಹಡಗಿನಲ್ಲಿ ಸುದ್ದಿ ಬಂತು: ಸಿಡ್ನಿಯಿಂದ ನಮ್ಮನ್ನು ಬೇರೆ ಮಾಡಿದ್ದಾರೆ, ವಿಕ್ಟೋರಿಯಾ ಅಂತ ಹೊಸ ವಸಾಹತು ಆಗುತ್ತೆ. ಹಳೇ ಮೇಯರ್ ಗ್ರೀವ್ಸ್ ಮತ್ತು ನಮ್ಮ ನಿಕಲ್ಸನ್ ಇಬ್ಬರೂ ಆ ಸೀಮೆಯ ಆಡಳಿತ ನೋಡುತ್ತಿದ್ದ ಸೂಪರಿಂಟೆಂಡೆಂಟ್ ಲಾ ಟ್ರೋಬ್ ಮನೆಗೇ ನುಗ್ಗಿ ಸುದ್ದಿ ಹೇಳಿದರು. ಊರೆಲ್ಲ ಬೆಂಕಿ ಹಾಕಿ ಕುಣಿಯಿತು, 15ರಂದು ಯಾರಾ ನದಿಯ ಮೇಲೆ ಪ್ರಿನ್ಸಸ್ ಬ್ರಿಡ್ಜ್ ಉದ್ಘಾಟನೆ. ಆರೇಳು ತಿಂಗಳಲ್ಲೇ ತಲೆನೋವು ಶುರು. 1851ರ ಮೇನಲ್ಲಿ ಸಿಡ್ನಿ ಕಡೆ, ಬಾಥರ್ಸ್ಟ್ ಹತ್ತಿರ ಚಿನ್ನ ಸಿಕ್ಕಿದ ಸುದ್ದಿ ಬಂದಿದ್ದೇ ತಡ, ಮೆಲ್ಬೋರ್ನ್ ಖಾಲಿಯಾಗತೊಡಗಿತು. ಕೂಲಿಗೆ ಆಳಿಲ್ಲ, ಅಂಗಡಿಗೆ ಜನ ಇಲ್ಲ. ಜೂನ್ 9ಕ್ಕೆ ಮೇಯರ್ ಸಭೆ ಕರೆದ, ವ್ಯಾಪಾರಸ್ಥರೆಲ್ಲ ಸೇರಿ ಸಮಿತಿ ಮಾಡಿದರು. ಮೆಲ್ಬೋರ್ನ್‌ನಿಂದ 200 ಮೈಲಿ ಒಳಗೆ ಚಿನ್ನ ತೋರಿಸಿದವರಿಗೆ 200 ಗಿನಿ ಬಹುಮಾನ! ಇದು ಪಕ್ಕಾ ಅಂಗಡಿಯವರ ಉಪಾಯ ಅಲ್ವಾ? ಗಿರಾಕಿ ಬೇರೆ ಊರಿಗೆ ಹೋದರೆ, ಅವನು ಹುಡುಕಿಕೊಂಡು ಹೋದದ್ದನ್ನೇ ನಮ್ಮ ಬೀದಿಗೆ ತರಿಸು. ತಿಂಗಳೊಪ್ಪತ್ತಿನಲ್ಲೇ ಕ್ಲೂನ್ಸ್, ವಾರಂಡೈಟ್ ಕಡೆ ಚಿನ್ನ ಸಿಕ್ಕಿತು, ಆಮೇಲೆ ಬಲ್ಲಾರಟ್. 1851ರಲ್ಲಿ 77 ಸಾವಿರ ಇದ್ದ ವಿಕ್ಟೋರಿಯಾದ ಜನಸಂಖ್ಯೆ 1861ಕ್ಕೆ 5 ಲಕ್ಷದ 40 ಸಾವಿರ.

ಈಗ ಓಟಿನ ವಿಷಯ. ಮೇಯರ್ ಅವಧಿ ಒಂದೇ ವರ್ಷ. ಅದು ಮುಗಿದ ಮೇಲೆ ನಿಕಲ್ಸನ್ ಲೆಜಿಸ್ಲೇಟಿವ್ ಕೌನ್ಸಿಲ್‌ಗೆ, ಅಂದರೆ ಆಗ ವಸಾಹತಿನ ಕಾನೂನು ಮಾಡುತ್ತಿದ್ದ ಸಭೆಗೆ ಹೋದ. ಆಗಿನ ಚುನಾವಣೆ ಅಂದರೆ ಮರದ ಅಟ್ಟಣೆ ಕಟ್ಟಿ, ಕೆಳಗೆ ಜನ ಸೇರಿಸಿ, ಪಕ್ಕದ ಹೋಟೆಲಿನಲ್ಲಿ ಹೆಂಡ ಹರಿಸಿ ಮಾಡುತ್ತಿದ್ದದ್ದು. ಮತದಾರ ಅಧಿಕಾರಿ ಮುಂದೆ ನಿಂತು ಬಾಯಿಬಿಟ್ಟು ಹೆಸರು ಹೇಳಬೇಕು, ಗುಮಾಸ್ತ ಬರೆದುಕೊಳ್ಳಬೇಕು. ನಿಂತು ಕೇಳುವವರಿಗೆಲ್ಲ ಕೇಳುತ್ತಿತ್ತು. 1855ರ ಡಿಸೆಂಬರ್ 18ಕ್ಕೆ ನಿಕಲ್ಸನ್ ಒಂದು ಠರಾವು ತಂದ: ಹೊಸ ಚುನಾವಣಾ ಕಾನೂನಿನಲ್ಲಿ ಓಟು ಗುಟ್ಟಾಗಿರಬೇಕು. ಹೇನ್ಸ್ ಸರ್ಕಾರ ವಿರೋಧ ಮಾಡಿತು, ಠರಾವು ಪಾಸಾಯಿತು, ಸರ್ಕಾರ ರಾಜೀನಾಮೆ ಕೊಟ್ಟಿತು. ಗವರ್ನರ್ ಹೋಥಮ್ 'ಸರಿ, ನೀನೇ ಸರ್ಕಾರ ಮಾಡು' ಅಂದ. ಮಾಡಲಾಗಲಿಲ್ಲ. ಇವನ ಜೊತೆ ಕೈ ಎತ್ತಿದವರಿಗೆ ಈ ಒಂದು ವಿಷಯ ಬಿಟ್ಟು ಬೇರೆ ಯಾವುದರಲ್ಲೂ ಒಮ್ಮತ ಇರಲಿಲ್ಲ. ಆ ಗಲಾಟೆಯಲ್ಲೇ ಡಿಸೆಂಬರ್ 31ಕ್ಕೆ ಹೋಥಮ್ ತೀರಿಕೊಂಡ. ಹೇನ್ಸ್ ವಾಪಸ್ ಬಂದ, ಆದರೆ ಗುಟ್ಟಿನ ಓಟು ಉಳಿಯಿತು. 1856ರ ಮಾರ್ಚ್ 19ಕ್ಕೆ ಕಾನೂನಾಯಿತು.

ನನ್ನ ವಾದ ಇಷ್ಟೇ. ಈ ಮನುಷ್ಯ ಕ್ರಾಂತಿಕಾರಿ ಅಲ್ಲ, ಮೆದು ಸ್ವಭಾವದ, ಹಳೇ ಕಾಲದ ಮನಸ್ಸಿನ ವ್ಯಾಪಾರಿ. ಇವನಿಗೆ ಯಾಕೆ ಇದು ಬೇಕಿತ್ತು? ಅಂಗಡಿಯವನಾಗಿದ್ದಕ್ಕೇ. ಬಹಿರಂಗ ಓಟಿನಲ್ಲಿ ಹೆಚ್ಚು ಏಟು ತಿನ್ನುತ್ತಿದ್ದವರಲ್ಲಿ ಅಂಗಡಿಯವರೂ ಇದ್ದರು. ಇಂಗ್ಲೆಂಡಿನಲ್ಲಿ ಗುಟ್ಟಿನ ಓಟು ಕೇಳುತ್ತಿದ್ದವರು ಇದನ್ನೇ ಹೇಳುತ್ತಿದ್ದರು: ಜಮೀನ್ದಾರ ಗೇಣಿದಾರನನ್ನು ಜಮೀನಿನಿಂದ ಎಬ್ಬಿಸುತ್ತಾನೆ, ಗಿರಾಕಿ ಅಂಗಡಿಯವನನ್ನು ಬಿಡುತ್ತಾನೆ. ನಮ್ಮವನಿಗೆ ಓಟು ಹಾಕಿದವನ ಅಂಗಡಿಯಲ್ಲಿ ಮಾತ್ರ ಸಾಮಾನು ತಗೋಬೇಕು ಅಂತ ಪಟ್ಟಿ ಮಾಡಿ ಹಂಚುತ್ತಿದ್ದರು.

ತರ್ಲೆ ತಿಮ್ಮ:

ಗುರು, ಅಂಗಡಿಯಿಂದ ಮೇಯರ್ ಆದವರು ಬೇಕು ಅಂದ್ರೆ ಅದೇ ಊರಿನ ಜೆ.ಟಿ. ಸ್ಮಿತ್‌ನ ಬಿಟ್ಟು ಇವನನ್ನ ಯಾಕೆ ಹಿಡಿದೆ? ಸ್ಮಿತ್ ಏಳು ಸಲ ಮೇಯರ್. ಇವನು ಒಂದೇ ಸಲ. ಅವನೂ 1816ರಲ್ಲೇ ಹುಟ್ಟಿದ್ದು, ಸಿಡ್ನಿಯಲ್ಲಿ, ಚಪ್ಪಲಿ ಹೊಲಿಯುವವನ ಮಗ. ಮೆಲ್ಬೋರ್ನ್‌ಗೆ ಬಂದಾಗ ಮೂಲನಿವಾಸಿಗಳ ಮಿಷನ್ ಶಾಲೆಯಲ್ಲಿ ಸಹಾಯಕ ಮೇಷ್ಟ್ರು. ಆಮೇಲೆ ಅಂಗಡಿ, ಆಮೇಲೆ ಹೆಂಡದ ಹೋಟೆಲು, 1845ರಲ್ಲಿ ಒಂದು ನಾಟಕ ಥಿಯೇಟರ್ ಬೇರೆ. ಇಂಥವನ ಕತೆ ಹೇಳು. 1858ರಲ್ಲಿ ಲಂಡನ್ನಿಗೆ ಹೋಗಿ ರಾಣಿಗೆ ಊರಿನ ಪರವಾಗಿ ಮಾನಪತ್ರ ಕೊಟ್ಟು, ಇನ್ನೇನು 'ಸರ್' ಪದವಿ ಸಿಕ್ಕೇಬಿಡ್ತು ಅಂತ ಕಾದು, ಬರಿಗೈಲಿ ವಾಪಸ್ ಬಂದವನು. ನಮ್ಮ ಕಡೆ ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿ ಹಾಕಿ ಕಾಯೋರ ತರಾನೇ.

ಉದ್ರಿ ಲೆಕ್ಕ:

ಸ್ಮಿತ್ ಮಜವಾದ ಮನುಷ್ಯ, ಒಪ್ಪಿದೆ. ಆದರೆ ಏಳು ಸಲ ಮೇಯರ್ ಆದವನು ಬಿಟ್ಟು ಹೋದದ್ದೇನು ಅಂದರೆ ಒಂದು ಮನೆ. ಒಂದು ಸಲ ಮೇಯರ್ ಆದವನು ಬಿಟ್ಟು ಹೋದದ್ದನ್ನು ನೀವೂ ನಾನೂ ಐದು ವರ್ಷಕ್ಕೊಮ್ಮೆ ಬಳಸುತ್ತೇವೆ.

ಯಾರಾ ದಂಡೆ:

ಮೆಲ್ಬೋರ್ನ್ ಕನ್ನಡಿಗ ಇಲ್ಲಿ ಹಾಜರು. ಆ ಮನೆ ಇನ್ನೂ ಇದೆ ಸರ್, 300 ಕ್ವೀನ್ ಸ್ಟ್ರೀಟ್. 1840ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಸುತ್ತಲೂ ಎತ್ತರದ ಬಿಲ್ಡಿಂಗ್‌ಗಳು, ನಡುವೆ ಈ ಹಳೇ ಮನೆ. ನಗರದೊಳಗೆ ಅಷ್ಟು ಹಳೆಯ ಮನೆ ಸಿಗುವುದೇ ಅಪರೂಪ.

ಓಟಿನ ಬಗ್ಗೆ ಹೇಳಬೇಕು ಅಂದರೆ, ಇಲ್ಲಿ ಇವತ್ತಿಗೂ ಕಾಗದದ ಮೇಲೇ. ರಟ್ಟಿನಲ್ಲಿ ಮಡಚಿ ಮಾಡಿದ ಪುಟ್ಟ ಗೂಡು, ಒಳಗೆ ಪೆನ್ಸಿಲ್. ಹೌದು, ಪೆನ್ಸಿಲ್! ಮೊದಲ ಸಲ ನೋಡಿದಾಗ 'ಅಳಿಸಿಬಿಟ್ಟರೆ?' ಅಂತ ಗಾಬರಿಯಾಗಿತ್ತು. ನಮ್ಮ ಹಾಗೆ ಒಬ್ಬರಿಗೆ ಒತ್ತಿ ಬರುವುದಲ್ಲ, 1, 2, 3 ಅಂತ ಎಲ್ಲರಿಗೂ ನಂಬರ್ ಕೊಡಬೇಕು. ಹೋಗದಿದ್ದರೆ ದಂಡ. ಫೆಡರಲ್ ಚುನಾವಣೆಗೆ 1924ರಿಂದ ಓಟು ಕಡ್ಡಾಯ. ಹೊರಗೆ ಶಾಲೆಯವರು ಸಾಸೇಜ್ ಸುಟ್ಟು ಮಾರುತ್ತಿರುತ್ತಾರೆ, ಸಸ್ಯಾಹಾರಿಗಳಿಗೆ ಬ್ರೆಡ್ಡು ಈರುಳ್ಳಿ ಗತಿ.

ಇತಿಹಾಸದ ಮೇಷ್ಟ್ರು:

ಒಂದು ತಕರಾರು. ನಿಕಲ್ಸನ್ ಠರಾವು ತಂದದ್ದು ನಿಜ, ಆದರೆ ಗುಟ್ಟು ಹೇಗೆ ಕಾಪಾಡಬೇಕು ಅನ್ನುವ ಕಸುಬು ಅವನದಲ್ಲ. ಅದು ಹೆನ್ರಿ ಸ್ಯಾಮ್ಯುಯೆಲ್ ಚಾಪ್ಮನ್ ಎಂಬ ವಕೀಲನದು. ಬಲ್ಲಾರಟ್ ಚಿನ್ನದ ಗಣಿಯಲ್ಲಿ ನಡೆದ ಯುರೇಕಾ ಬಂಡಾಯದಲ್ಲಿ ಸಿಕ್ಕಿಬಿದ್ದ ಗಣಿ ಕೆಲಸಗಾರರ ಪರವಾಗಿ 1855ರಲ್ಲಿ ವಾದ ಮಾಡಿದವರಲ್ಲಿ ಇವನೂ ಒಬ್ಬ. 'ಓಟು ಗುಟ್ಟಾಗಿರಲಿ' ಅನ್ನುವ ಕೂಗು ಹೊಸದಲ್ಲ, ಕೆಲಸಗಾರರಿಗೂ ಓಟು ಬೇಕು ಅಂತ ಹೋರಾಡಿದ ಇಂಗ್ಲೆಂಡಿನ ಚಾರ್ಟಿಸ್ಟರು 1838ರಲ್ಲೇ ಕೇಳಿದ್ದರು. ಆದರೆ ಹೇಗೆ? ಅಮೆರಿಕದಲ್ಲಿ ಚೀಟಿ ಇತ್ತು, ಆದರೆ ಅದನ್ನು ಅಚ್ಚು ಹಾಕಿ ಕೊಡುತ್ತಿದ್ದವರು ಪಕ್ಷದವರೇ. ಒಂದು ಪಕ್ಷದ್ದು ಒಂದು ಬಣ್ಣ. ನೀವು ಯಾವ ಬಣ್ಣದ ಚೀಟಿ ಡಬ್ಬಕ್ಕೆ ಹಾಕಿದಿರಿ ಅಂತ ಬಾಗಿಲಲ್ಲಿ ನಿಂತವನಿಗೆ ಕಾಣುತ್ತಿತ್ತು. ಅದೆಂಥ ಗುಟ್ಟು!

ಚಾಪ್ಮನ್ ಮಾಡಿದ್ದು ಇದು: ಚೀಟಿಯನ್ನು ಸರ್ಕಾರವೇ ಅಚ್ಚು ಹಾಕಿಸಬೇಕು, ಎಲ್ಲ ಅಭ್ಯರ್ಥಿಗಳ ಹೆಸರೂ ಒಂದೇ ಕಾಗದದಲ್ಲಿ ಇರಬೇಕು, ಮತಗಟ್ಟೆಯಲ್ಲೇ ಕೈಗೆ ಕೊಡಬೇಕು, ಮರೆಯಲ್ಲಿ ನಿಂತು ಗುರುತು ಹಾಕಿ ಮಡಚಿ ಡಬ್ಬಕ್ಕೆ ಹಾಕಬೇಕು. ವಿಕ್ಟೋರಿಯಾದಲ್ಲಿ ಗುರುತು ಅಂದರೆ ಬೇಡವಾದವರ ಹೆಸರನ್ನು ಹೊಡೆದು ಹಾಕುವುದು. ಬೇಕಾದವನ ಮುಂದೆ ಚೌಕದಲ್ಲಿ X ಗುರುತು ಹಾಕುವುದು ಪಕ್ಕದ ಸೌತ್ ಆಸ್ಟ್ರೇಲಿಯಾದಿಂದ ಬಂದದ್ದು, ಅಲ್ಲಿನ ವಿಲಿಯಂ ಬೂಥ್‌ಬಿ ಅದಕ್ಕೆ ಕಾರಣ. ಅವರ ಕಾನೂನು 1856ರ ಏಪ್ರಿಲ್ 2ಕ್ಕೆ, ವಿಕ್ಟೋರಿಯಾಕ್ಕಿಂತ ಬರೀ ಎರಡು ವಾರ ತಡವಾಗಿ. ಟಾಸ್ಮೇನಿಯಾದ್ದೂ ಅದೇ ವರ್ಷ. 'ಮೊದಲು ಯಾರು' ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ, ಇಡ್ಲಿ ಯಾವ ರಾಜ್ಯದ್ದು ಅನ್ನೋ ಹಾಗೆ.

ಉದ್ರಿ ಲೆಕ್ಕ:

ಮೇಷ್ಟ್ರೇ, ಕಸುಬು ಚಾಪ್ಮನ್‌ದು ಅಂತ ಒಪ್ಪುತ್ತೇನೆ, ಬರೆಯುವಾಗ ಅದನ್ನು ಉದ್ದ ಮಾಡಲಿಲ್ಲ ಅಷ್ಟೆ. ಆದರೆ ಸರ್ಕಾರವನ್ನೇ ಎದುರು ಹಾಕಿಕೊಂಡು ಠರಾವಿಗೆ ಓಟು ಸೇರಿಸಿದ್ದು ಅಂಗಡಿಯವನೇ. ಆ ಕೌನ್ಸಿಲ್‌ನಲ್ಲಿ ಮೂರರಲ್ಲೊಂದು ಪಾಲು ಚುನಾವಣೆ ಇಲ್ಲದೆ ನೇಮಕವಾಗಿ ಬಂದವರು. ಅಂಥವರ ನಡುವೆ ಗೆಲ್ಲುವುದು ಸುಮ್ಮನೆ ಅಲ್ಲ. ಚೌಕಾಸಿ ಗೊತ್ತಿರಬೇಕು!

ಅವರೆಬೇಳೆ:

ಎಲ್ಲರೂ 'ಅಂಗಡಿಯವನು' 'ಮತದಾರ' ಅಂತಿದ್ದೀರಲ್ಲ, ಅಂಗಡಿಯವಳ ಕತೆ ಏನು? ಆಗಿನ ಮೆಲ್ಬೋರ್ನ್‌ನಲ್ಲಿ ಗಂಡ ತೀರಿಕೊಂಡ ಮೇಲೆ ಅಂಗಡಿ, ಹೋಟೆಲು ನಡೆಸುತ್ತಿದ್ದ ಹೆಂಗಸರು ಬೇಕಾದಷ್ಟು ಇದ್ದರು. ತೆರಿಗೆ ಕಟ್ಟುತ್ತಿದ್ದರು, ಓಟಿಲ್ಲ.

ಒಂದೇ ಒಂದು ಸಲ ಸಿಕ್ಕಿತು, ಅದೂ ಗಂಡಸರ ಎಡವಟ್ಟಿನಿಂದ. 1863ರ ಚುನಾವಣಾ ಕಾನೂನು ಬರೆಯುವಾಗ 'ಮುನ್ಸಿಪಾಲಿಟಿ ತೆರಿಗೆ ಪಟ್ಟಿಯಲ್ಲಿರುವ ಎಲ್ಲ ವ್ಯಕ್ತಿಗಳು' ಅಂತ ಬರೆದುಬಿಟ್ಟರು. ಪಟ್ಟಿಯಲ್ಲಿ ಹೆಂಗಸರೂ ಇದ್ದರು. 1864ರ ಚುನಾವಣೆಯಲ್ಲಿ ಅವರು ಸೀದಾ ಹೋಗಿ ಓಟು ಹಾಕಿದರು. ಗುಟ್ಟಾಗಿ, ಇವರದೇ ಡಬ್ಬದಲ್ಲಿ! 1865ರಲ್ಲಿ ತಿದ್ದುಪಡಿ ತಂದು ಕಿತ್ತುಕೊಂಡರು. ಆಮೇಲೆ ವಿಕ್ಟೋರಿಯಾದ ಹೆಂಗಸರು ರಾಜ್ಯದ ಚುನಾವಣೆಯಲ್ಲಿ ಓಟಿಗೆ 1908ರವರೆಗೆ ಕಾಯಬೇಕಾಯಿತು.

ಇನ್ನೊಂದು. ಗುಟ್ಟಿನ ಓಟಿನ ಠರಾವು ಮಾಡಿದ ಇದೇ ಕೌನ್ಸಿಲ್ ಅದೇ 1855ರಲ್ಲಿ ಹಡಗಿನಿಂದ ಇಳಿಯುವ ಪ್ರತಿ ಚೀನೀಯನಿಗೆ 10 ಪೌಂಡ್ ತೆರಿಗೆ ಹಾಕಿತು. ಅದನ್ನೂ ಜೊತೆಗೆ ಬರೆದುಕೊಳ್ಳಿ.

ಯಾರಾ ದಂಡೆ:

ಮೇಡಂ, ಆ ತೆರಿಗೆ ತಪ್ಪಿಸಿಕೊಳ್ಳೋಕೆ ಚೀನೀಯರು ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು ಅಲ್ಲಿಂದ ನೂರಾರು ಕಿಲೋಮೀಟರ್ ನಡೆದುಕೊಂಡೇ ಗಣಿಗೆ ಬರುತ್ತಿದ್ದರು. ರೋಬ್‌ನಲ್ಲಿ ಸಮುದ್ರದ ದಂಡೆಗೆ ಅವರ ನೆನಪಿನ ಕಲ್ಲು ಇದೆ.

ಹುಬ್ಬಳ್ಳಿ ಗಿರ್ಮಿಟ್:

ಉದ್ರಿ ಲೆಕ್ಕ ಅಣ್ಣಾರ ಮಾತು ನನಗ ಪೂರಾ ತಿಳೀತದ, ಯಾಕಂದ್ರ ನಮ್ಮಪ್ಪಂದೂ ಕಿರಾಣಿ ಅಂಗಡಿ. ಇಲೆಕ್ಷನ್ ಬಂತಂದ್ರ ಅಪ್ಪನ ಬಾಯಿಗೆ ಬೀಗ. ಒಂದು ಪಾರ್ಟಿಯವರು ಬಂದು ಬಾಗಿಲ ಮ್ಯಾಲ ಪೋಸ್ಟರ್ ಅಂಟಿಸ್ತೀವಿ ಅಂತಾರ, ಬ್ಯಾಡ ಅಂದ್ರ ಅವರ ಓಣಿ ಗಿರಾಕಿ ಹೋತು. ಹೂಂ ಅಂದ್ರ ಇನ್ನೊಂದು ಓಣಿ ಹೋತು. ಉದ್ರಿ ಪುಸ್ತಕದಾಗ ಎರಡೂ ಓಣಿಯವರ ಹೆಸರು ಅದಾವ. ಸಿಟ್ಟಾಗಿ ಅಂಗಡಿ ಬಿಟ್ಟವ ಬಾಕಿನೂ ಕೊಡೂದಿಲ್ಲ. ಅಪ್ಪ ಏನ್ ಮಾಡ್ತಿದ್ದ ಅಂದ್ರ, ಬಾಗಿಲ ಎರಡೂ ಬದಿಗೆ ಎಣ್ಣಿ ಡಬ್ಬಿ ಪೇರಿಸಿಡ್ತಿದ್ದ. ಪೋಸ್ಟರ್ ಹಚ್ಚಾಕ ಜಾಗಾನೇ ಇಲ್ಲ! ಯಾರಿಗೆ ಓಟು ಹಾಕಿದಿ ಅಂತ ನಮ್ಮವ್ವಗೂ ಹೇಳ್ತಿರ್ಲಿಲ್ಲ.

ಆದ್ರ ಈಗ ಗುಟ್ಟು ಎಲ್ಲೈತಿ? ಒಬ್ಬೊಬ್ಬರದು ಗೊತ್ತಾಗಂಗಿಲ್ಲ, ಖರೆ. ಬೂತಿಂದು ಗೊತ್ತಾಗ್ತದ. ಎಣಿಕೆ ಆದ ಮ್ಯಾಲ ಫಾರ್ಮ್ 20 ಅಂತ ಬರ್ತದ, ಅದರಾಗ ಬೂತ್ ಲೆಕ್ಕ ಇರ್ತದ. ಒಂದು ಸಣ್ಣ ಹಳ್ಳಿಗೆ ಒಂದೇ ಬೂತು. 'ನಿಮ್ಮೂರಾಗ ನಮಗ ಓಟು ಬಿದ್ದಿಲ್ಲ, ರಸ್ತೆ ಯಾಕ ಕೇಳ್ತೀರಿ' ಅಂತ ಮಾರಿ ಮ್ಯಾಲೇ ಅಂತಾರ.

ನಂಜನಗೂಡು ರಸಬಾಳೆ:

ನಮ್ಮ ಕಡೆಯ ಕೊಂಡಿ ಒಂದು ಸೇರಿಸ್ತೀನಿ. ಅಂಗಡಿಯವನ ಕಾನೂನು ಹೋದ ದಾರಿ ನೋಡಿ: ವಿಕ್ಟೋರಿಯಾದಲ್ಲಿ 1856, ಬ್ರಿಟನ್ನಿನಲ್ಲಿ 1872, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1888. ದೊರೆಗಳ ದೇಶಕ್ಕೆ ವಸಾಹತಿನಿಂದ ಹೋಗಿದ್ದು. ಬ್ರಿಟನ್ನಿನಲ್ಲಿ ಮೊದಲ ಗುಟ್ಟಿನ ಓಟು ಪಾಂಟಿಫ್ರಾಕ್ಟ್ ಉಪಚುನಾವಣೆಯಲ್ಲಿ, ಅಲ್ಲಿ ಡಬ್ಬಕ್ಕೆ ಸೀಲು ಹಾಕೋಕೆ ಬಳಸಿದ್ದು ಮಿಠಾಯಿ ಫ್ಯಾಕ್ಟರಿಯ ಅಚ್ಚು.

ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಡಬ್ಬ. ಮೇಲೆ ಚಿಹ್ನೆ ಅಂಟಿಸಿರೋದು. ಮರೆಗೆ ಹೋಗಿ, ಏನೂ ಬರೆಯದ ಚೀಟಿಯನ್ನ ಬೇಕಾದವರ ಡಬ್ಬಕ್ಕೆ ಹಾಕಿ ಬರೋದು. ಓದು ಬಾರದವರಿಗಾಗಿ ಮಾಡಿದ್ದು. ಎಲ್ಲ ಹೆಸರೂ ಒಂದೇ ಚೀಟಿಯಲ್ಲಿ ಇದ್ದು ಸೀಲು ಒತ್ತುವ ಪದ್ಧತಿ ದೇಶದ ಎಲ್ಲ ಕಡೆ ಬಂದದ್ದು 1962ಕ್ಕೆ. ಅದೇ ಚುನಾವಣೆಯಲ್ಲಿ ನಮ್ಮ ಮೈಸೂರಿನ ಶಾಯಿಯೂ ಬೆರಳಿಗೆ ಬಂತು. ನಾಲ್ವಡಿಯವರು 1937ರಲ್ಲಿ ಶುರು ಮಾಡಿದ ಅರಗು ಬಣ್ಣದ ಕಾರ್ಖಾನೆಯದು. ಓಟು ಹಾಕಿದ್ದು ಎಲ್ಲರಿಗೂ ಕಾಣಬೇಕು, ಯಾರಿಗೆ ಅನ್ನೋದು ಕಾಣಬಾರದು.

ತರ್ಲೆ ತಿಮ್ಮ:

ಎಲ್ಲ ಸರಿ, ನಮ್ಮ ನಿಕಲ್ಸನ್ ಕೊನೆಗೆ ಏನಾದ? ಬೆಂಗಳೂರಿನ ಹಿಂದಿನ ಮೇಯರ್‌ಗಳ ತರ ಒಂದು ವರ್ಷ ಕುರ್ಚಿ, ಆಮೇಲೆ ಪತ್ತೆ ಇಲ್ಲವಾ?

ಉದ್ರಿ ಲೆಕ್ಕ:

ಇಲ್ಲ ತಿಮ್ಮಣ್ಣ. 1859ರ ಅಕ್ಟೋಬರ್‌ನಲ್ಲಿ ವಿಕ್ಟೋರಿಯಾದ ಪ್ರೀಮಿಯರ್ ಆದ, ಅಂದರೆ ಮುಖ್ಯಮಂತ್ರಿ ಇದ್ದ ಹಾಗೆ. ಅಲ್ಲೇ ಕೈ ಸುಟ್ಟುಕೊಂಡ. ಚಿನ್ನ ಕಡಿಮೆಯಾಗಿತ್ತು, ಗಣಿ ಬಿಟ್ಟ ಜನಕ್ಕೆ ಭೂಮಿ ಬೇಕಿತ್ತು. ಭೂಮಿಯೆಲ್ಲ ಕುರಿ ಸಾಕುವ ದೊಡ್ಡ ಕುಳಗಳ ಕೈಲಿ. ನಿಕಲ್ಸನ್ ಭೂಮಿ ಕಾನೂನು ತಂದ, ಮೇಲ್ಮನೆಯವರು ಅದನ್ನು ತಿದ್ದಿ ತಿದ್ದಿ ನೀರು ಮಾಡಿದರು. 1860ರ ಆಗಸ್ಟ್ 28ಕ್ಕೆ ಜನ ಪಾರ್ಲಿಮೆಂಟ್ ಹೌಸ್‌ಗೆ ನುಗ್ಗಲು ಹೋದರು, ಕಲ್ಲು ತೂರಿದರು, ಪೊಲೀಸರು ಲಾಠಿ ಬೀಸಿದರು. ಕಾನೂನು ಪಾಸಾಯಿತು, ಆದರೆ ಜಮೀನು ಬಹುಪಾಲು ದುಡ್ಡಿದ್ದವರಿಗೇ ಹೋಯಿತು. ಆ ಭೂಮಿಯ ಮೂಲ ಒಡೆಯರಾದ ಮೂಲನಿವಾಸಿಗಳನ್ನಂತೂ ಯಾರೂ ಕೇಳಲಿಲ್ಲ. ನವೆಂಬರ್‌ನಲ್ಲಿ ಸರ್ಕಾರ ಬಿತ್ತು. 1865ರ ಮಾರ್ಚ್ 10ಕ್ಕೆ ತೀರಿಕೊಂಡ, ವಯಸ್ಸು 49.

ಒಳ್ಳೆಯ ಪ್ರೀಮಿಯರ್ ಅಂತ ನಾನು ಹೇಳಲ್ಲ. ಎಲ್ಲರನ್ನೂ ಸಂಭಾಳಿಸಿಕೊಂಡು ಹೋಗುವ ಅಂಗಡಿ ಬುದ್ಧಿ ಓಟಿನ ಠರಾವಿಗೆ ಸರಿಹೋಯಿತು, ಭೂಮಿಗೆ ಸರಿಹೋಗಲಿಲ್ಲ. ಅಲ್ಲಿ ಒಂದು ಕಡೆ ನಿಲ್ಲಲೇಬೇಕಿತ್ತು.

ಇತಿಹಾಸದ ಮೇಷ್ಟ್ರು:

ಗಿರ್ಮಿಟ್ ಅವರ ಬೂತ್ ಲೆಕ್ಕದ ಮಾತಿಗೆ: ಕಾಗದದ ಚೀಟಿ ಇದ್ದಾಗ ಬೇರೆ ಬೇರೆ ಬೂತಿನ ಚೀಟಿಗಳನ್ನು ಕಲಸಿ ಎಣಿಸಲು ಅವಕಾಶ ಇತ್ತು. ಇವಿಎಂ ಬಂದ ಮೇಲೆ ಒಂದೊಂದು ಮೆಷಿನ್‌ನ ಲೆಕ್ಕ ಬೇರೆ ಬೇರೆ ಹೊರಬೀಳುತ್ತದೆ. ಅದಕ್ಕೆ ಟೋಟಲೈಸರ್ ಅಂತ ಒಂದು ಸಾಧನ ಇದೆ, 14 ಮೆಷಿನ್‌ಗಳನ್ನು ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುತ್ತದೆ. 2008ರಲ್ಲೇ ಚುನಾವಣಾ ಆಯೋಗ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಹೂಂ ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ತರ್ಲೆ ತಿಮ್ಮ:

ಕಲಸಿಬಿಟ್ಟರೆ ಯಾವ ಬೂತಲ್ಲಿ ಮೋಸ ಆಯ್ತು ಅಂತ ಹೆಂಗೆ ಹಿಡೀತೀರಾ ಮೇಷ್ಟ್ರೇ? ನಾಳೆ ಒಂದೇ ಬೂತಲ್ಲಿ 100ಕ್ಕೆ 100 ಬಿದ್ದರೆ ಯಾರಿಗೂ ಗೊತ್ತೇ ಆಗಲ್ಲ.

ಉದ್ರಿ ಲೆಕ್ಕ:

ತಿಮ್ಮಣ್ಣ, ಇದೇ ಜಗಳ ವಿಕ್ಟೋರಿಯಾದಲ್ಲೂ ಇತ್ತು. 1856ರ ಚೀಟಿಯ ಹಿಂದೆ ಮತದಾರನ ನಂಬರ್ ಬರೆಯುತ್ತಿದ್ದರು. ಯಾರಾದರೂ ಬೇರೆಯವರ ಹೆಸರಲ್ಲಿ ಓಟು ಹಾಕಿದರೆ ಕೋರ್ಟಿನಲ್ಲಿ ಆ ಚೀಟಿ ಹುಡುಕಿ ತೆಗೆಯಲಿಕ್ಕೆ. ಅಂದರೆ ಬೇಕು ಅಂದರೆ ಗುಟ್ಟು ಬಿಚ್ಚಬಹುದಿತ್ತು. ಸೌತ್ ಆಸ್ಟ್ರೇಲಿಯಾದವರು ನಂಬರ್ ಬೇಡವೇ ಬೇಡ ಅಂದರು. ಬ್ರಿಟನ್ 1872ರಲ್ಲಿ ನಂಬರ್ ಇಟ್ಟುಕೊಂಡಿತು, ಈಗಲೂ ಇದೆ. ನನ್ನ ಓಟು ಸೌತ್ ಆಸ್ಟ್ರೇಲಿಯಾದ ಕಡೆಗೆ. ಮೋಸ ಹಿಡಿಯುವುದಕ್ಕೆ ಬೂತ್ ಲೆಕ್ಕ ಕೋರ್ಟಿಗೆ ಮಾತ್ರ ಸಿಗಲಿ, ಗೆದ್ದವನ ಚೇಲಾಗಳ ಮೊಬೈಲಿಗೆ ಬೇಡ.

ಹುಬ್ಬಳ್ಳಿ ಗಿರ್ಮಿಟ್:

ಅದು ಬರೂತನಕ ಎಣ್ಣಿ ಡಬ್ಬಿನೇ ಗತಿ ಬಿಡ್ರಿ. ಈ ಸಲ ನಮ್ಮ ಅಂಗಡಿ ಮುಂದ ನಾನೂ ಪೇರಿಸೀನಿ.